ಮುಲಾಮು ಹಚ್ಚಿದರೂ ಮರಳುವ ತುರಿಕೆ

ಶಿಶ್ನದ ತುದಿ ಕೆಂಪಾಗಿ ತುರಿಸುತ್ತದೆ. ಮುಲಾಮು ಹಚ್ಚಿದರೆ ಹೋಗಿ, ತಿಂಗಳಲ್ಲಿ ಮತ್ತೆ ಬರುತ್ತದೆ. ಏಕೆ? (ಒಬ್ಬ ನೇಕಾರ, ಇಳಕಲ್)

ಬಹಳ ಸಲ ಇದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಕೆಲಸ. ಒಣಗಿದ ಖಡಕ್ ರೊಟ್ಟಿ ತಿಂಗಳಾದರೂ ಕೆಡದು. ಆದರೆ ಬಿಸಿ ರೊಟ್ಟಿ ಮುಚ್ಚಿಟ್ಟರೆ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಕುಣಿಮಗ್ಗದಲ್ಲಿ ದಿನವಿಡೀ ಕೂತಾಗ ಮುಂದೊಗಲಿನ ಅಡಿ ಬೆವರು ನಿಂತು ಆಗುವುದೂ ಅದೇ. ಸಕ್ಕರೆ ಕಾಯಿಲೆಯಿದ್ದರೆ ಮೂತ್ರದಲ್ಲಿ ಬರುವ ಸಕ್ಕರೆಯೂ ಈ ಶಿಲೀಂಧ್ರವನ್ನು ಬೆಳೆಸುತ್ತದೆ. ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ಕೆಂಪನ್ನಷ್ಟೇ ಅಡಗಿಸಿ, ಬೇರನ್ನು ಉಳಿಸಿಬಿಡಬಹುದು. ದಯವಿಟ್ಟು ಆ ಮುಲಾಮು ಬಿಡಿ.

ದಿನಾ ಮುಂದೊಗಲು ಸರಿಸಿ ಬರೀ ನೀರಲ್ಲಿ ತೊಳೆದು, ಒತ್ತಿ ಒಣಗಿಸಿ; ಸೋಪು ಬೇಡ. ಹುನಗುಂದದ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ ನೋಡಿಸಿ. ಹೆಂಡತಿಗೂ ತುರಿಕೆಯಿದ್ದರೆ ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯಿರಿ. ಹುಣ್ಣಾದರೆ, ತೊಗಲು ಹಿಂದೆ ಸರಿಯದಿದ್ದರೆ ನಾಚದೆ ಚರ್ಮರೋಗ ವೈದ್ಯರಿಗೆ ತೋರಿಸಿ.