ಕಲ್ಲಿದ್ದಲ ಬೂದಿಯೂ ಹಳ್ಳಿಯ ನೆಲಜಲವೂ

ಒಲೆಯ ಬೂದಿಯನ್ನು ತಿಪ್ಪೆಗೆ ಸೇರಿಸಿ ಹೊಲಕ್ಕೆ ಹಾಕುವುದು ನಮ್ಮ ಒಕ್ಕಲಿಗರ ಹಳೆಯ ರೂಢಿ. ಕಟ್ಟಿಗೆ ಕುಳ್ಳುಗಳ ಆ ಬೂದಿಯಲ್ಲಿ ಬೆಳೆಗೆ ಬೇಕಾದ ಪೊಟ್ಯಾಷ್ ಇರುವುದು. ಕಲ್ಲಿದ್ದಲ ಬೂದಿಯ ಗುಣವೇ ಬೇರೆ. ಎರಡನ್ನೂ ಒಂದೆಂದು ಬಗೆಯತಕ್ಕದ್ದಲ್ಲ.

ನಮ್ಮ ದೇಶದ ಕಲ್ಲಿದ್ದಲನ್ನು ನೂರು ಕ್ವಿಂಟಲ್ ಸುಟ್ಟರೆ ಸುಮಾರು 30ರಿಂದ 45 ಕ್ವಿಂಟಲ್ ಬೂದಿ ಉಳಿಯುವುದು. ವಿದ್ಯುತ್ ಕೇಂದ್ರಗಳಲ್ಲಿ ಇದನ್ನು ನೀರಿನಲ್ಲಿ ಕಲಸಿ ದೊಡ್ಡ ಹೊಂಡಗಳಲ್ಲಿ ನಿಲ್ಲಿಸುವ ವಾಡಿಕೆಯುಂಟು. ಒಣಗಿದರೆ ಗಾಳಿಗೆ ಹಾರಿ ಪುಪ್ಪುಸವನ್ನು ಹೊಗುವುದು, ಎಲೆಗಳ ಮೇಲೆ ಕೂತು ಪೈರನ್ನು ಕುಂದಿಸುವುದು. ಹಸಿಯಾಗಿದ್ದರೆ ಅದರೊಳಗಿನ ಆರ್ಸೆನಿಕ್, ಬೋರಾನ್, ಕ್ರೋಮಿಯಂ ಮುಂತಾದವು ಇಂಗಿ ಬಾವಿಯ ನೀರನ್ನು ಕೆಡಿಸಬಲ್ಲವು. 2020ರ ಏಪ್ರಿಲ್ ತಿಂಗಳಲ್ಲಿ ಮಧ್ಯಪ್ರದೇಶದ ಸಿಂಗರೌಲಿಯಲ್ಲಿ ಇಂಥ ಹೊಂಡದ ಒಡ್ಡು ಒಡೆದು, ಮಕ್ಕಳೂ ಸೇರಿ ಹಲವರು ಅಸುನೀಗಿದರು. ಹೊಲಗಳು ಬೂದಿಯ ಕೆಸರಿನಲ್ಲಿ ಹೂತುಹೋದವು. ನೆರೆಯ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್ ಕೇಂದ್ರವನ್ನು ಕಟ್ಟುವ ಕಾಲದಲ್ಲಿ ರೈತರು ವಿರೋಧಿಸಿದರು. 2014ರ ಜುಲೈಯಲ್ಲಿ ಅಲ್ಲಿ ಗೋಲೀಬಾರು ಸಹ ನಡೆಯಿತು.

“ಖಾನಾಪುರದಲ್ಲಿ ಇಂಥ ಕೇಂದ್ರವಿಲ್ಲ, ನಮಗೇಕೆ ಈ ಗೊಡವೆ?” ಎಂದು ಕೆಲವರು ಕೇಳಬಹುದು. ಬೂದಿಯು ಹುಟ್ಟಿದ ಊರಿನಲ್ಲಿಯೇ ಉಳಿಯುವುದಿಲ್ಲ. ಸಿಮೆಂಟು, ಇಟ್ಟಿಗೆ, ರಸ್ತೆಯ ಕೆಲಸಗಳಿಗಾಗಿ ದೂರದ ಊರುಗಳಿಗೆ ಹೋಗುವುದು. ಪುಕ್ಕಟೆ ದೊರೆಯಿತೆಂದು ಅದನ್ನು ತಗ್ಗಿನಲ್ಲಿಯೋ ಹಳ್ಳದ ದಂಡೆಯಲ್ಲಿಯೋ ಸುರಿಸಿಕೊಂಡರೆ, ಮಲೆನಾಡಿನ ಮಳೆಯು ಅದನ್ನು ನಿಲ್ಲಗೊಡದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಖಾನಾಪುರವನ್ನು ದಾಟಿ ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿಗೆ ಸೇರುತ್ತದೆ. ಮೇಲಿನ ಊರಿನ ಅಲಕ್ಷ್ಯವು ಕೆಳಗಿನ ಊರುಗಳ ಕುಡಿಯುವ ನೀರಿಗೆ ಮುಟ್ಟದಿರದು.

ಬೂದಿಗೆ ಯೋಗ್ಯವಾದ ಸ್ಥಳವೂ ಉಂಟು. ಅದರಿಂದ ಮಾಡಿದ ಇಟ್ಟಿಗೆಗಳು ಹೊಲದ ಮೇಲ್ಮಣ್ಣನ್ನು ಉಳಿಸುತ್ತವೆ. ಮಣ್ಣಿನ ಕೆಲಸಕ್ಕೆ ಹೆಸರಾದ ಖಾನಾಪುರದವರಿಗೆ ಮೇಲ್ಮಣ್ಣಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಅಚ್ಚಿನಲ್ಲಿ ಬಿಗಿದ ಬೂದಿಯಿಂದ ಉಪಕಾರವುಂಟು, ಬಯಲಿನಲ್ಲಿ ಚೆಲ್ಲಿದ ಬೂದಿಯಿಂದ ಅಪಕಾರ.

ಆದುದರಿಂದ ಗೌಡರೂ ಜಮೀನುದಾರರೂ ಈ ಕೆಳಗಿನ ಮಾತುಗಳನ್ನು ಲಕ್ಷ್ಯದಲ್ಲಿಡತಕ್ಕದ್ದು:

1. ತಗ್ಗು ನೆಲವನ್ನು ಈ ಬೂದಿಯಿಂದ ತುಂಬುವುದಕ್ಕೆ, 2021ರ ಡಿಸೆಂಬರದ ಕೇಂದ್ರ ಸರಕಾರದ ಅಧಿಸೂಚನೆಯಂತೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಪ್ಪಣೆ ಮೊದಲೇ ಬೇಕು. ಅಪ್ಪಣೆಯ ಕಾಗದವನ್ನು ನೋಡದೆ ಲಾರಿಯನ್ನು ಊರೊಳಗೆ ಬಿಡಬಾರದು.

2. ಬಾವಿ, ಕೆರೆ, ಹಳ್ಳಗಳ ಸಮೀಪದಲ್ಲಿ ಬೂದಿಯನ್ನು ಒಟ್ಟಗೊಡಬಾರದು.

3. ಮಣ್ಣಿನ ಪರೀಕ್ಷೆಯಾಗದೆ, ಗೊಬ್ಬರವೆಂಬ ಮಾತನ್ನು ನಂಬಿ, ಹೊಲಕ್ಕೆ ಹಾಕಬಾರದು.

4. ಬೂದಿ ಬಿದ್ದ ಊರಿನಲ್ಲಿ ಬಾವಿಯ ನೀರನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ಪರೀಕ್ಷೆ ಮಾಡಿಸತಕ್ಕದ್ದು.

ಕೆಟ್ಟ ಪೈರನ್ನು ಮುಂದಿನ ಹಂಗಾಮಿಗೆ ಮತ್ತೆ ಬೆಳೆಯಬಹುದು. ಕೆಟ್ಟ ಬಾವಿಯು ಒಂದು ಹಂಗಾಮಿನಲ್ಲಿ ತಿಳಿಯಾಗುವುದಿಲ್ಲ.