ಕಲಘಟಗಿ ತೊಟ್ಟಿಲಿನಲ್ಲಿ ಬಣ್ಣದ ಮೊದಲ ಪಾಠ

ಹುಬ್ಬಳ್ಳಿಯಿಂದ ಕಾರವಾರದ ದಾರಿ ಹಿಡಿದು ಸುಮಾರು 30 ಕಿ.ಮೀ. ಬಂದರೆ ಕಲಘಟಗಿ. ಎರೆಹೊಲಗಳ ಬಯಲು ಇಲ್ಲಿಗೆ ಹಿಂದುಳಿದು, ಮುಂದೆ ಯಲ್ಲಾಪುರದ ಕಾಡಿನ ಸೆರಗು ಶುರುವಾಗುತ್ತದೆ. ಸಾಗವಾನಿ ಸೀಮೆಗೆ ಹತ್ತಿರದ ಈ ಊರಿಗೆ ಹೆಸರು ತಂದಿದ್ದು ಬಣ್ಣದ ತೊಟ್ಟಿಲು. ಪುಟ್ಟ ಆಕೃತಿಗಳಿಗೆ ಬಣ್ಣ ಹಚ್ಚುವುದನ್ನು ಕಲಿಯಬೇಕೆನ್ನುವವರು ಮೊದಲು ನೋಡಬೇಕಾದ್ದು ಇಲ್ಲಿನ ಚಿತ್ರಗಾರರ ಕೆಲಸ.

ಕೆಲಸದ ಮನೆಯೊಳಗೆ ಕಾಲಿಟ್ಟರೆ ಬಣ್ಣಕ್ಕಿಂತ ಮುಂಚೆ ಕಾಣುವುದು ಕಟ್ಟಿಗೆ. ಗೋಡೆಗೆ ಒರಗಿಸಿದ ಹಲಗೆಗಳು, ಕಡೆದಿಟ್ಟ ಪುಟ್ಟ ಕಂಬಗಳು, ನೆಲದ ತುಂಬ ಹೊಟ್ಟು. ಹಲಗೆಯ ಮೈಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ ಮೇಲಷ್ಟೇ ಬಣ್ಣದ ಮಾತು. ಹೊಸದಾಗಿ ಕಲಿಯುವವರು ಅವಸರಪಡುವುದು ಈ ಹಂತದಲ್ಲೇ. ಮೈ ಒರಟಾಗಿದ್ದರೆ, ಎಣ್ಣೆ ಜಿಡ್ಡು ಉಳಿದಿದ್ದರೆ, ಎಷ್ಟು ಒಳ್ಳೆಯ ಕುಂಚ ಹಿಡಿದರೂ ಗೆರೆ ಒಡೆಯುತ್ತದೆ, ಬಣ್ಣ ಏಳುತ್ತದೆ.

ಕಂಬಗಳಿಗೆ ಹಚ್ಚುವುದು ಅರಗಿನ ಬಣ್ಣ. ಮುತ್ತುಗ, ಬೋರೆಯಂಥ ಮರಗಳ ಮೇಲೆ ಕೂತ ಅರಗಿನ ಹುಳು ಸ್ರವಿಸುವ ಅಂಟೇ ಅರಗು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಕಟ್ಟಿಗೆಗೆ ಒತ್ತಿ ಹಿಡಿದರೆ, ಉಜ್ಜಿದ ಕಾವಿಗೇ ಕರಗಿ ಹತ್ತಿಕೊಳ್ಳುತ್ತದೆ. ಮೇಲೆ ಕೇದಿಗೆ ಎಲೆ ಒತ್ತಿದಾಗ ಹೊಳಪು ಬರುತ್ತದೆ. ಹಲಗೆಯ ಚಿತ್ರಗಳದು ಕುಂಚದ ಕೆಲಸ. ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗ, ಬಸವಣ್ಣನವರ ಬದುಕು, ಹೂಬಳ್ಳಿ, ಗಿಳಿ: ತೊಟ್ಟಿಲು ಮಾಡಿಸುವ ಮನೆಯವರ ಇಷ್ಟಕ್ಕೆ ತಕ್ಕಂತೆ ಚಿತ್ರ.

ಒಂದು ಹಲಗೆಯ ಹತ್ತಿರ ಬಗ್ಗಿ ನೋಡಿ. ಅಂಗೈಯಗಲದ ಜಾಗದಲ್ಲಿ ಬೆಣ್ಣೆಗಡಿಗೆಗೆ ಕೈ ಹಾಕಿದ ಕೃಷ್ಣ. ಮೊದಲು ಹಿನ್ನೆಲೆ, ಆಮೇಲೆ ಮೈಬಣ್ಣ, ಅದರ ಮೇಲೆ ಪೀತಾಂಬರ, ಒಡವೆ. ಎಲ್ಲ ಒಣಗಿದ ಮೇಲೆ ಅಂಚಿಗೆ ಕಪ್ಪು ಗೆರೆ. ಕಣ್ಣು ಕಟ್ಟಕಡೆಗೆ. ದೊಡ್ಡ ಜಾಗದಿಂದ ಸಣ್ಣ ಜಾಗಕ್ಕೆ, ಒಳಗಿನಿಂದ ಹೊರಗೆ ಬರುವ ಈ ಕ್ರಮ ತಪ್ಪಿಸಿದರೆ ಮುಗಿಸಿದ ಭಾಗದ ಮೇಲೆಯೇ ಕೈ ತಾಗುತ್ತದೆ.

ಟೇಬಲ್ ಮೇಲಿನ ಯುದ್ಧದಾಟಗಳ ಪುಟ್ಟ ಸೈನಿಕರಿಗೆ ಬಣ್ಣ ಹಚ್ಚುವ ಹವ್ಯಾಸ ಇಂಗ್ಲೆಂಡ್, ಅಮೆರಿಕಗಳಲ್ಲಿ ದೊಡ್ಡದು. ಆ ಗೊಂಬೆಗಳ ಸಾಮಾನ್ಯ ಎತ್ತರ 28ರಿಂದ 32 ಮಿ.ಮೀ. ಅಲ್ಲಿಯೂ ಕ್ರಮ ಹೆಚ್ಚುಕಡಿಮೆ ಇದೇ: ಮೈ ತೊಳೆದು ಪ್ರೈಮರ್, ತೆಳುವಾದ ಮೂಲಬಣ್ಣ, ಮಡಿಕೆಗಳಿಗೆ ನೆರಳು, ಉಬ್ಬಿದ ಕಡೆ ತಿಳಿಬಣ್ಣ, ಕೊನೆಗೆ ವಾರ್ನಿಷ್. ಮನೆಯಲ್ಲಿ ಶುರು ಮಾಡುವವರಿಗೆ ಅಕ್ರಿಲಿಕ್ ಬಣ್ಣ ಸಾಕು. ನೀರು ಬೆರೆಸಿ ತೆಳ್ಳಗೆ ಎರಡು ಸಲ ಹಚ್ಚಿ. ದಪ್ಪಗೆ ಒಂದೇ ಸಲ ಹಚ್ಚಿದರೆ ಮೂಗು, ಬೆರಳುಗಳೆಲ್ಲ ಮುಚ್ಚಿಹೋಗುತ್ತವೆ. ತುದಿ ಚೂಪಾದ ಒಂದು ಒಳ್ಳೆಯ ಬ್ರಷ್ ಹತ್ತು ಅಗ್ಗದ ಬ್ರಷ್‌ಗಳಿಗೆ ಸಮ. ಮಳೆಗಾಲದಲ್ಲಿ ಒಣಗುವುದು ತಡ, ಕಾಯಲೇಬೇಕು.

ಗೊಂಬೆ ನಿಲ್ಲುವ ಪೀಠದ ಮಾತನ್ನೂ ಮರೆಯುವಂತಿಲ್ಲ. ಪಾದದ ಕೆಳಗೆ ನೆಲ ಬರೆಯದಿದ್ದರೆ ಚಿತ್ರದ ಆಕೃತಿ ತೇಲಿದಂತೆ ಕಾಣುತ್ತದೆ, ಗೊಂಬೆಗೂ ಹಾಗೆಯೇ. ಪೀಠಕ್ಕೆ ಫೆವಿಕಾಲ್ ಸವರಿ ಜರಡಿ ಹಿಡಿದ ಮರಳು ಉದುರಿಸಿ. ನವಲಗುಂದದ ಕಡೆಯ ಎರೆಮಣ್ಣು ಬಳಸಲು ಹೋಗಬೇಡಿ, ಅದು ಒಣಗಿದಂತೆ ಕುಗ್ಗಿ ಬಿರಿಯುತ್ತದೆ. ಮರಳು ಗಟ್ಟಿಯಾದ ಮೇಲೆ ಕಂದುಬಣ್ಣ ಹಚ್ಚಿ. ಆಮೇಲೆ ಬ್ರಷ್‌ನಲ್ಲಿ ತಿಳಿಬಣ್ಣ ತೆಗೆದುಕೊಂಡು, ಬಟ್ಟೆಗೆ ಒರೆಸಿ, ಉಳಿದಷ್ಟನ್ನೇ ಮೇಲೆ ಮೇಲೆ ಎಳೆಯಿರಿ. ಕಾಳು ಕಾಳು ಎದ್ದು ಕಾಣುತ್ತದೆ. ಪೀಠದ ಅಂಚಿಗೆ ಒಂದೇ ಬಣ್ಣವಿರಲಿ.

ಮತ್ತೆ ತೊಟ್ಟಿಲಿಗೆ ಬಂದರೆ, ನಮ್ಮ ಕಡೆ ಚೊಚ್ಚಲ ಮಗುವಿಗೆ ತವರುಮನೆಯಿಂದ ತೊಟ್ಟಿಲು ಬರುವುದು ವಾಡಿಕೆ. ಒಮ್ಮೆ ಬಂದ ಕಲಘಟಗಿ ತೊಟ್ಟಿಲು ಮಕ್ಕಳು, ಮೊಮ್ಮಕ್ಕಳನ್ನು ತೂಗುತ್ತದೆ, ನಂಟರ ಮನೆಗಳಿಗೂ ಹೋಗಿಬರುತ್ತದೆ. 2018ರಲ್ಲಿ ನಟ ಅಂಬರೀಶ್ ತೀರಿಕೊಳ್ಳುವ ಮುನ್ನ ನಟ ಯಶ್ ದಂಪತಿಯ ಕೂಸಿಗೆಂದು ಇಲ್ಲಿಯ ತೊಟ್ಟಿಲು ಮಾಡಿಸಲು ಹೇಳಿದ್ದರು. ಆ ಸುದ್ದಿಯಿಂದ ಊರಿನ ಹೆಸರು ರಾಜ್ಯಕ್ಕೆಲ್ಲ ಮತ್ತೆ ಕೇಳಿಸಿತು. ಮನೆಯಲ್ಲಿ ಅಂಥ ತೊಟ್ಟಿಲಿದ್ದರೆ ಒಣಬಟ್ಟೆಯಿಂದಷ್ಟೇ ಒರೆಸಿ. ಸ್ಪಿರಿಟ್, ಸ್ಯಾನಿಟೈಸರ್ ಅರಗನ್ನು ಕರಗಿಸುತ್ತವೆ, ಬಿಸಿ ಅದನ್ನು ಮೆತ್ತಗಾಗಿಸುತ್ತದೆ.

ಕಲಘಟಗಿಗೆ ಹುಬ್ಬಳ್ಳಿಯಿಂದ ಬಸ್ಸಿದೆ. ತೊಟ್ಟಿಲು ಬೇಕಾದವರು ನಾಮಕರಣ ಹತ್ತಿರ ಬಂದಾಗ ಓಡಿಬರದೆ ತಿಂಗಳುಗಳ ಮೊದಲೇ ಹೇಳಿಡಬೇಕು. ಬಣ್ಣ ಕಲಿಯುವ ಮಕ್ಕಳಿದ್ದರೆ ಜೊತೆಗೆ ಕರೆತನ್ನಿ, ಕೆಲಸ ಮಾಡುವವರ ಅನುಮತಿ ಕೇಳಿ ಪಕ್ಕದಲ್ಲಿ ಕೂರಿಸಿ. ಕೊಳ್ಳುವವರೂ ಕಲಿಯುವವರೂ ಬಂದರಷ್ಟೇ ಈ ವಿದ್ಯೆ ಮುಂದಿನ ತಲೆಮಾರಿಗೆ ದಾಟೀತು.