ಮೇಲ್ಮೈಗಳ ಮೇಲಿನ ಬಿಂದುಚಕ್ರಗಳು ಮತ್ತು ಮೋಟಿವ್ ಪರಿಕಲ್ಪನೆ

ಬಹುಪದೋಕ್ತಿ ಸಮೀಕರಣಗಳ ಪರಿಹಾರಗಳಿಂದ ರೂಪುಗೊಳ್ಳುವ ಆಕೃತಿಗಳ ಅಧ್ಯಯನವೇ ಬೀಜಗಣಿತೀಯ ಜ್ಯಾಮಿತಿ. ಇಂತಹ ಆಕೃತಿಯೊಂದರ ಒಳಗಿನ ಉಪಾಕೃತಿಗಳನ್ನು ಪೂರ್ಣಾಂಕಗಳಿಂದ ಗುಣಿಸಿ ಕೂಡಿದಾಗ ದೊರೆಯುವ ಔಪಚಾರಿಕ ಮೊತ್ತಕ್ಕೆ ಬೀಜಗಣಿತೀಯ ಚಕ್ರವೆಂದು ಹೆಸರು. ಹೆಸರಿನಲ್ಲಿ ಚಕ್ರವಿದ್ದರೂ ಇಲ್ಲಿ ದುಂಡಗಿನದೇನೂ ಇರಬೇಕಾಗಿಲ್ಲ. ಸಂಕೀರ್ಣ ಸಂಖ್ಯೆಗಳ ಮೇಲಿನ ಎರಡು ಆಯಾಮದ ಆಕೃತಿ, ಅಂದರೆ ಮೇಲ್ಮೈಯನ್ನು ತೆಗೆದುಕೊಂಡರೆ ಅದರಲ್ಲಿ ಎರಡು ಬಗೆಯ ಚಕ್ರಗಳು ಮುಖ್ಯವಾಗುತ್ತವೆ: ವಕ್ರರೇಖೆಗಳಿಂದಾದವು ಮತ್ತು ಬಿಂದುಗಳಿಂದಾದವು. ವಕ್ರರೇಖೆಗಳ ಸ್ವರೂಪ ಬಹುಮಟ್ಟಿಗೆ ತಿಳಿದಿದೆ. ಬಿಂದುಗಳೇ ದುರ್ಗಮವಾಗಿ ಉಳಿದಿವೆ ಎಂಬುದು ಈ ವಿಷಯದ ವೈಚಿತ್ರ್ಯ.

ವಕ್ರರೇಖೆಯೊಂದರ ಮೇಲಿನ ಭಾಗಲಬ್ಧ ಫಲನವು ಕೆಲವು ಬಿಂದುಗಳಲ್ಲಿ ಶೂನ್ಯವಾಗುತ್ತದೆ, ಕೆಲವು ಬಿಂದುಗಳಲ್ಲಿ ಅನಂತವಾಗುತ್ತದೆ. ಮೊದಲನೆಯವುಗಳ ಮೊತ್ತದಿಂದ ಎರಡನೆಯವುಗಳ ಮೊತ್ತವನ್ನು ಕಳೆದಾಗ ಬರುವ ಚಕ್ರವನ್ನು ಶೂನ್ಯಕ್ಕೆ ಸಮಾನವೆಂದು ಎಣಿಸುವುದೇ ಭಾಗಲಬ್ಧ ಸಮಾನತೆ. ಮೇಲ್ಮೈಯ ವಿಷಯದಲ್ಲಿ ಅದರೊಳಗಿನ ಎಲ್ಲ ವಕ್ರರೇಖೆಗಳ ಮೇಲಿನ ಎಲ್ಲ ಫಲನಗಳಿಗೂ ಈ ನಿಯಮವನ್ನು ಅನ್ವಯಿಸಬೇಕು. ಹೀಗೆ ದೊರೆಯುವ ಗ್ರೂಪ್‌ಗೆ, 1956ರಲ್ಲಿ ಈ ಸಮಾನತೆಯನ್ನು ವ್ಯವಸ್ಥಿತವಾಗಿ ವಿವೇಚಿಸಿದ ವೇ-ಲಿಯಾಂಗ್ ಚೌ ಅವರ ಹೆಸರು ನಿಂತಿದೆ. ಒಂದೇ ಒಂದು ವಕ್ರರೇಖೆಯನ್ನು ತೆಗೆದುಕೊಂಡರೆ, ಗುಣಕಗಳ ಒಟ್ಟು ಮೊತ್ತ ಶೂನ್ಯವಾಗಿರುವ ಬಿಂದುಚಕ್ರಗಳ ವರ್ಗಗಳು ಜಾಕೋಬಿಯನ್ ಎಂಬ ಆಕೃತಿಯ ಬಿಂದುಗಳೇ ಆಗುತ್ತವೆ. ಅದರ ಆಯಾಮ ವಕ್ರರೇಖೆಯ ಜೀನಸ್‌ಗೆ ಸಮ. ಹತ್ತೊಂಬತ್ತನೆಯ ಶತಮಾನದಲ್ಲಿ ಆಬೆಲ್ ಮತ್ತು ಜಾಕೋಬಿ ಹಾಕಿಕೊಟ್ಟ ಈ ಮಾರ್ಗವೇ ಮೇಲ್ಮೈಗಳಿಗೂ ಸಾಕಾದೀತೆಂಬ ನಿರೀಕ್ಷೆ ಸಹಜವಾಗಿಯೇ ಇದ್ದಿತು. ಮೇಲ್ಮೈಗೆ ಜಾಕೋಬಿಯನ್‌ನ ಸ್ಥಾನದಲ್ಲಿ ಆಲ್ಬನೀಸ್ ಎಂಬ ಆಕೃತಿ ನಿಲ್ಲುತ್ತದೆ.

ಆ ನಿರೀಕ್ಷೆಯನ್ನು ಭಂಗಗೊಳಿಸಿದುದು 1968ರಲ್ಲಿ ಡೇವಿಡ್ ಮಮ್‌ಫೋರ್ಡ್ ಬರೆದ ಲೇಖನ. ಮೇಲ್ಮೈಯ ಮೇಲೆ ಎಲ್ಲೆಡೆಯೂ ಹೋಲೋಮಾರ್ಫಿಕ್ ಆಗಿರುವ, ಶೂನ್ಯವಲ್ಲದ ದ್ವಿತೀಯ ಅವಕಲ ರೂಪ ಒಂದಿದೆ ಎಂದುಕೊಳ್ಳೋಣ; ಇಂತಹ ಸ್ವತಂತ್ರ ರೂಪಗಳ ಸಂಖ್ಯೆಯೇ ಜ್ಯಾಮಿತೀಯ ಜೀನಸ್. ನೂರು ಬಿಂದುಗಳ ಗುಂಪುಗಳನ್ನೆಲ್ಲ ಒಟ್ಟಿಗೆ ನೋಡಿದರೆ ಅವು 200 ಆಯಾಮದ ಆಕೃತಿಯಾಗುತ್ತವೆ, ಆ ಅವಕಲ ರೂಪ ಅದರ ಮೇಲೂ ಒಂದು ರೂಪವನ್ನು ಉಂಟುಮಾಡುತ್ತದೆ. ಪರಸ್ಪರ ಸಮಾನವಾದ ಗುಂಪುಗಳಿಂದಾದ ಉಪಾಕೃತಿಯ ಮೇಲೆ ಈ ರೂಪ ಶೂನ್ಯವಾಗಲೇಬೇಕು. ಆದರೆ ಸಾಮಾನ್ಯ ಸ್ಥಾನದಲ್ಲಿ ರೂಪವು ಕ್ಷಯಿಸದಿರುವುದರಿಂದ ಅಂತಹ ಉಪಾಕೃತಿಯ ಆಯಾಮ 100ನ್ನು ಮೀರಲಾರದು. ಅಂದರೆ ಕನಿಷ್ಠ 100 ಸ್ವತಂತ್ರ ಪ್ರಾಚಲಗಳು ಉಳಿಯುತ್ತವೆ. ನೂರರ ಬದಲು ಸಾವಿರ, ಲಕ್ಷ ಎಂದರೂ ವಾದ ಅದೇ. ಆದ್ದರಿಂದ ಚೌ ಗ್ರೂಪ್ ಯಾವ ಪರಿಮಿತ ಆಯಾಮದ ಆಕೃತಿಯಲ್ಲಿಯೂ ಹಿಡಿಸದು. ಫ್ರಾಂಚೆಸ್ಕೊ ಸೆವೇರಿ ಈ ವಿಷಯದಲ್ಲಿ ಪ್ರಕಟಿಸಿದ್ದ ನಿರ್ಣಯಗಳು ಇದರಿಂದ ಬಿದ್ದುಹೋದವು. ಬೀಳಿಸಿದ ತಂತ್ರ ಮಾತ್ರ ಮೂಲತಃ ಸೆವೇರಿಯವರದೇ ಎಂಬುದನ್ನು ಮಮ್‌ಫೋರ್ಡ್ ಅವರೇ ಹೇಳಿದ್ದಾರೆ.

ಇದು ಕೇವಲ ವರ್ಗೀಕರಣದ ಪ್ರಶ್ನೆಯಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಿಂದ ಬಂದು ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಎಂ. ಪವಮಾನ ಮೂರ್ತಿಯವರು ರಿಚರ್ಡ್ ಸ್ವಾನ್ ಅವರೊಡನೆ 1976ರಲ್ಲಿ ಪ್ರಕಟಿಸಿದ ಕೃತಿಯು ಅದನ್ನು ಶುದ್ಧ ಬೀಜಗಣಿತಕ್ಕೆ ಜೋಡಿಸಿತು. ನಯವಾದ ಅಫೈನ್ ಮೇಲ್ಮೈಯೊಂದರ ಬಿಂದುವಿನ ಆದರ್ಶವನ್ನು ಕೇವಲ ಎರಡು ಫಲನಗಳಿಂದ ಜನಿಸಬಹುದೇ ಎಂಬುದು, ಆ ಬಿಂದುವಿನ ವರ್ಗ ಚೌ ಗ್ರೂಪ್‌ನಲ್ಲಿ ಶೂನ್ಯವೇ ಎಂಬುದನ್ನೇ ಅವಲಂಬಿಸಿದೆ.

ಜ್ಯಾಮಿತೀಯ ಜೀನಸ್ ಶೂನ್ಯವಾಗಿದ್ದರೆ ಏನಾಗುತ್ತದೆ? ಆಗ ಆಲ್ಬನೀಸ್ ಆಕೃತಿಯೇ ಎಲ್ಲವನ್ನೂ ಹೇಳುತ್ತದೆ ಎಂಬುದು ಸ್ಪೆನ್ಸರ್ ಬ್ಲೋಕ್ ಅವರು 1970ರ ದಶಕದಲ್ಲಿ ಮಂಡಿಸಿದ ಊಹೆ. ಸಾಮಾನ್ಯ ಪ್ರಕಾರದವೆಂದು ಕರೆಯಲಾಗುವ ಮೇಲ್ಮೈಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಇದನ್ನು ಬ್ಲೋಕ್, ಕಾಸ್ ಮತ್ತು ಲೀಬರ್‌ಮನ್ 1976ರಲ್ಲಿಯೇ ಸಾಧಿಸಿದರು. ಕಷ್ಟವಿರುವುದು ಆ ಬಿಟ್ಟ ವರ್ಗದಲ್ಲಿ.

ಅದರ ಅತ್ಯಂತ ಪ್ರಸಿದ್ಧ ನಿದರ್ಶನ ಲೂಸಿಯನ್ ಗೊಡೋ ಅವರ ಮೇಲ್ಮೈ. ನಾಲ್ಕು ಚರಾಕ್ಷರಗಳ ಐದನೆಯ ಘಾತಗಳ ಮೊತ್ತ ಶೂನ್ಯವೆಂಬ ಫೆರ್ಮಾ ಮೇಲ್ಮೈಯನ್ನು ಪ್ರಕ್ಷೇಪೀಯ ಅವಕಾಶದಲ್ಲಿ ಪರಿಗಣಿಸಬೇಕು. 1ರ ಐದನೆಯ ಮೂಲವೊಂದನ್ನು ಆರಿಸಿ, ಚರಾಕ್ಷರಗಳನ್ನು ಅನುಕ್ರಮವಾಗಿ ಅದರ 0, 1, 2, 3ನೆಯ ಘಾತಗಳಿಂದ ಗುಣಿಸಬೇಕು. ಈ ಪರಿವರ್ತನೆಯಲ್ಲಿ ಸ್ಥಿರವಾಗಿ ನಿಲ್ಲುವವು ನಾಲ್ಕು ನಿರ್ದೇಶಾಂಕ ಶೃಂಗಗಳು ಮಾತ್ರ, ಅವು ಮೇಲ್ಮೈಯ ಮೇಲಿಲ್ಲ. ಹೀಗಾಗಿ ಬಿಂದುಗಳನ್ನು ಐದೈದಾಗಿ ಒಂದುಗೂಡಿಸಿದಾಗ ಹೊಸದೊಂದು ನಯವಾದ ಮೇಲ್ಮೈ ದೊರೆಯುತ್ತದೆ. ಮೂಲ ಮೇಲ್ಮೈಯಲ್ಲಿದ್ದ ನಾಲ್ಕು ಅವಕಲ ರೂಪಗಳು ಪರಿವರ್ತನೆಯಿಂದ ಅದೇ ಮೂಲದ 1, 2, 3, 4ನೆಯ ಘಾತಗಳಷ್ಟು ಗುಣಿತವಾಗುತ್ತವೆ. ಬದಲಾಗದೆ ಉಳಿಯುವ ರೂಪ ಒಂದೂ ಇಲ್ಲ, ಅಂದರೆ ಹೊಸ ಮೇಲ್ಮೈಯ ಜ್ಯಾಮಿತೀಯ ಜೀನಸ್ ಶೂನ್ಯ. ಅದರ ಆಲ್ಬನೀಸ್ ಕೂಡ ಶೂನ್ಯವೇ. ಊಹೆ ನಿಜವಾದರೆ ಈ ಮೇಲ್ಮೈಯ ಯಾವುದೇ ಎರಡು ಬಿಂದುಗಳು ಪರಸ್ಪರ ಸಮಾನವಾಗಬೇಕು. ಇದನ್ನು ಇನೋಸೆ ಮತ್ತು ಮಿಜುಕಾಮಿ 1979ರಲ್ಲಿ ಫೆರ್ಮಾ ಮೇಲ್ಮೈಯ ಹೇರಳ ಸಮಮಿತಿಗಳನ್ನು ಬಳಸಿ ತೋರಿಸಿದರು.

ಇಲ್ಲಿ ಮೋಟಿವ್‌ನ ಪಾತ್ರ ಪ್ರವೇಶಿಸುತ್ತದೆ. ಒಂದೇ ಆಕೃತಿಗೆ ಹಲವು ಬಗೆಯ ಕೊಹೊಮಾಲಜಿಗಳಿದ್ದು, ಅವೆಲ್ಲವುಗಳ ಹಿಂದೆ ಸಮಾನವಾದ ಒಂದು ಮೂಲವಸ್ತುವಿದೆ ಎಂಬುದು 1960ರ ದಶಕದಲ್ಲಿ ಅಲೆಕ್ಸಾಂಡರ್ ಗ್ರೋಥೆಂಡೀಕ್ ಅವರ ಕಾಣ್ಕೆ. ಮೇಲ್ಮೈಯನ್ನು ಅದರೊಡನೆಯೇ ಗುಣಿಸಿದಾಗ ಬರುವ ನಾಲ್ಕು ಆಯಾಮದ ಆಕೃತಿಯೊಳಗಿನ ಚಕ್ರಗಳೇ ಇಲ್ಲಿ ಸಂಬಂಧಗಳಾಗಿ ಕೆಲಸ ಮಾಡುತ್ತವೆ, ಇವುಗಳ ನೆರವಿನಿಂದ ಮೇಲ್ಮೈಯನ್ನು ತುಂಡುಗಳಾಗಿ ಬಿಡಿಸಬಹುದು. 1990ರಲ್ಲಿ ಯಾಕೋಬ್ ಮುರ್ರೆ ಯಾವುದೇ ನಯವಾದ ಪ್ರಕ್ಷೇಪೀಯ ಮೇಲ್ಮೈಯ ಮೋಟಿವ್ ಐದು ಭಾಗಗಳಾಗಿ ಒಡೆಯುತ್ತದೆಂದು ಸಾಧಿಸಿದರು. ನಡುವಿನ ಭಾಗವನ್ನು ಮತ್ತೆ ಎರಡಾಗಿ ಬೇರ್ಪಡಿಸಬಹುದು: ವಕ್ರರೇಖೆಗಳಿಂದ ಬಂದ ಬೀಜಗಣಿತೀಯ ಅಂಶ, ಮತ್ತು ಅತೀತ ಅಂಶ. ಕಾನ್, ಮುರ್ರೆ ಮತ್ತು ಪೆದ್ರೀನಿ 2007ರಲ್ಲಿ ವಿಸ್ತರಿಸಿದ ಈ ವಿಭಜನೆಯ ಪ್ರಕಾರ, ಬಿಂದುಚಕ್ರಗಳಲ್ಲಿ ಆಲ್ಬನೀಸ್‌ಗೆ ಕಾಣದೆ ಉಳಿಯುವುದೆಲ್ಲವೂ ಅತೀತ ಅಂಶದಲ್ಲಿಯೇ ಅಡಗಿದೆ.

ಜ್ಯಾಮಿತೀಯ ಜೀನಸ್ ಶೂನ್ಯವಾದಾಗ ಅತೀತ ಅಂಶಕ್ಕೆ ಕೊಹೊಮಾಲಜಿಯಲ್ಲಿ ನೆರಳೇ ಬೀಳುವುದಿಲ್ಲ. ನೆರಳಿಲ್ಲದ ವಸ್ತು ನಿಜಕ್ಕೂ ಇಲ್ಲವೇ? ಬ್ಲೋಕ್ ಊಹೆ ಕೇಳುವುದು ಇಷ್ಟನ್ನೇ. ಷುನ್-ಇಚಿ ಕಿಮುರಾ 2005ರಲ್ಲಿ ಪ್ರಕಟಿಸಿದ ಪರಿಮಿತತೆಯ ಪರಿಕಲ್ಪನೆ ಇದಕ್ಕೊಂದು ಉತ್ತರದ ದಾರಿ ತೆರೆಯಿತು. ಪರಿಮಿತವಾದ ಮೋಟಿವ್‌ನಲ್ಲಿ ಕೊಹೊಮಾಲಜಿಗೆ ಕಾಣದ ಯಾವುದೇ ಸಂಬಂಧವನ್ನು ಅದರೊಡನೆಯೇ ಮತ್ತೆ ಮತ್ತೆ ಸಂಯೋಜಿಸುತ್ತ ಹೋದರೆ ಅದು ಕೊನೆಗೆ ಶೂನ್ಯವಾಗುತ್ತದೆ. ಅತೀತ ಅಂಶಕ್ಕೆ ನೆರಳೇ ಇಲ್ಲದಿದ್ದರೆ ಅದರ ತತ್ಸಮ ಸಂಬಂಧವೂ ಕಾಣದ ಸಂಬಂಧವೇ. ಎಷ್ಟು ಸಲ ಸಂಯೋಜಿಸಿದರೂ ತಾನಾಗಿಯೇ ಉಳಿಯುವ ಅದು ಶೂನ್ಯವಾಗಬೇಕಾದರೆ ಅಂಶವೇ ಶೂನ್ಯವಾಗಿರಬೇಕು. ವಕ್ರರೇಖೆಗಳ ಗುಣಲಬ್ಧಗಳು ಪರಿಮಿತವೆಂಬುದು ಸಿದ್ಧಪಟ್ಟಿದೆ. ಫೆರ್ಮಾ ಮೇಲ್ಮೈ ಎರಡು ಫೆರ್ಮಾ ವಕ್ರರೇಖೆಗಳ ಗುಣಲಬ್ಧದಿಂದ ಆವೃತವಾಗಿರುವುದನ್ನು ಷಿಯೋಡಾ ಮತ್ತು ಕಾತ್ಸುರಾ 1979ರಲ್ಲಿಯೇ ತೋರಿಸಿದ್ದರು. ಆದ್ದರಿಂದ ಗೊಡೋ ಮೇಲ್ಮೈಯ ಮೇಲಿನ ಫಲಿತಾಂಶ ಈ ದಾರಿಯಲ್ಲಿ ಕೆಲವೇ ಸಾಲುಗಳಲ್ಲಿ ಮರಳಿ ದೊರೆಯುತ್ತದೆ.

ಆದರೆ ಫೆರ್ಮಾ ಸಮೀಕರಣದ ಬದಲು ಅದೇ ಪರಿವರ್ತನೆಗೆ ಒಗ್ಗುವ ಬೇರೊಂದು ಐದನೆಯ ಘಾತದ ಸಮೀಕರಣವನ್ನು ತೆಗೆದುಕೊಂಡೊಡನೆ ಈ ಅನುಕೂಲ ಕೈತಪ್ಪುತ್ತದೆ. ಹೆಚ್ಚುವರಿ ಸಮಮಿತಿಗಳೂ ಇಲ್ಲ, ವಕ್ರರೇಖೆಗಳ ಗುಣಲಬ್ಧವೂ ಕಾಣಸಿಗದು. ಆ ಮೇಲ್ಮೈಗಳಿಗೆ ಊಹೆಯನ್ನು ಕ್ಲೇರ್ ವಾಜ಼ಾಂ 1992ರಲ್ಲಿ ಬೇರೆಯದೇ ಜ್ಯಾಮಿತೀಯ ವಿಧಾನದಿಂದ ಸಾಧಿಸಿದರು. ಎಲ್ಲ ಮೇಲ್ಮೈಗಳ ಮೋಟಿವ್‌ಗಳೂ ಪರಿಮಿತವೇ ಎಂಬುದು ಇನ್ನೂ ಊಹೆಯಾಗಿಯೇ ಇದೆ. ಜ್ಯಾಮಿತೀಯ ಜೀನಸ್ ಶೂನ್ಯವಿರುವ ಸಾಮಾನ್ಯ ಪ್ರಕಾರದ ಮೇಲ್ಮೈಗಳಲ್ಲಿ ಇಂದಿಗೂ ಒಂದೊಂದು ಕುಟುಂಬವನ್ನೂ ಅದರದರ ವಿಶಿಷ್ಟ ರಚನೆಯನ್ನು ಹಿಡಿದೇ ಪರೀಕ್ಷಿಸಬೇಕಾಗಿದೆ.